ಹುರಿ ಎಷ್ಟು ಸುತ್ತು? ಬೆಂಗಳೂರಿನ ಒಂದು ಪ್ರಶ್ನೆ, ಹೈದರಾಬಾದಿನ ಒಂದು ಮಾತ್ರೆ

ನಾರಾಯಣಗೂಡದಿಂದ ಮತ್ತೊಂದು ಮಾತು. ವಿಡಿಯೋ ನೋಡಿದವರಿಗೆ ಗೊತ್ತು, ಈ ಸಲ ನನ್ನ ಕೈಯಲ್ಲಿ ಎರಡು ಎಳೆ ಹೊಸೆದ ಒಂದು ಹಗ್ಗ ಇತ್ತು. ಓದುವವರು ನೀವೂ ಮನೆಯಲ್ಲಿ ಅಂಥದ್ದೊಂದು ತುಂಡು ಹುಡುಕಿ ಪಕ್ಕದಲ್ಲಿ ಇಟ್ಕೊಳ್ಳಿ. ಬೇಕಾಗುತ್ತೆ.

ನಮ್ಮ ಏರಿಯಾದಲ್ಲಿ ಐಪಿಎಂ ಇದೆ, ಅಂದರೆ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಆಫ್ರಿಕಾಕ್ಕೋ ದಕ್ಷಿಣ ಅಮೆರಿಕಕ್ಕೋ ಆನ್‌ಸೈಟ್ ಹೊರಟ ಗೆಳೆಯರು ಕೊಂಡಾಪುರ, ಗಚ್ಚಿಬೌಲಿ ಬಿಟ್ಟು ಇಷ್ಟು ದೂರ ಬರೋದು ಅಲ್ಲಿ ಹಳದಿ ಜ್ವರದ ಇಂಜೆಕ್ಷನ್ ಹಾಕಿಸ್ಕೊಳ್ಳೋಕೆ. ಬಂದವರು ಹಾಗೇ ಒಂದು ಔಷಧಿ ಅಂಗಡಿ ಮುಂದೆ ನಿಂತು ಕಪಾಟು ನೋಡಿ. ಸಿಪ್ರೋಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಓಫ್ಲಾಕ್ಸಸಿನ್ ಅಂತ ಒಂದು ಇಡೀ ಕುಟುಂಬವೇ ಕೂತಿರುತ್ತೆ. ಹೊಟ್ಟೆ ಕೆಟ್ಟಾಗ, ಉರಿಮೂತ್ರ ಆದಾಗ, ಟೈಫಾಯಿಡ್ ಬಂದಾಗ ನಮ್ಮಲ್ಲಿ ಬಹಳ ಜನ ಒಮ್ಮೆಯಾದರೂ ನುಂಗಿರೋ ಮಾತ್ರೆಗಳಿವು. ಇವು ಬ್ಯಾಕ್ಟೀರಿಯಾಗೆ ಏನು ಮಾಡುತ್ತವೆ? ವಿಷ ಹಾಕೋದಿಲ್ಲ, ಗೋಡೆ ಒಡೆಯೋದಿಲ್ಲ. ಅದರ ಡಿಎನ್‌ಎ ಹಗ್ಗದ ಹುರಿಯನ್ನು ಸರಿಮಾಡೋ ಯಂತ್ರವನ್ನ ಅರ್ಧ ಕೆಲಸದಲ್ಲಿ ಹಿಡಿದು ನಿಲ್ಲಿಸುತ್ತವೆ, ಅಷ್ಟೇ.

ಆ ಹುರಿಯ ಚರಿತ್ರೆಯೇ ಇವತ್ತಿನ ವಿಷಯ. ಅದರಲ್ಲಿ ಬೆಂಗಳೂರಿನ ಒಂದು ಪಾತ್ರ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪಠ್ಯಪುಸ್ತಕಗಳಲ್ಲಿ ಅದನ್ನ ಹೇಳೋದಿಲ್ಲ, ಯಾಕಂದ್ರೆ ಬೆಂಗಳೂರಿನವರು ಸೋತರು. ನನಗೆ ಅನ್ನಿಸೋ ಪ್ರಕಾರ ಸೋತದ್ದು ಬಹಳ ಒಳ್ಳೆಯ ರೀತಿಯಲ್ಲಿ.

ಈಗ ಹಗ್ಗ ತಗೊಳ್ಳಿ. ಒಂದು ತುದಿಯನ್ನ ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಯನ್ನ ಹುರಿ ಇರುವ ದಿಕ್ಕಿಗೇ ಇನ್ನಷ್ಟು ತಿರುಗಿಸ್ತಾ ಹೋಗಿ. ಸ್ವಲ್ಪ ಹೊತ್ತು ಏನೂ ಆಗೋದಿಲ್ಲ, ಹಗ್ಗ ಬಿಗಿಯಾಗುತ್ತೆ. ಆಮೇಲೆ ಕೈ ಸ್ವಲ್ಪ ಹತ್ತಿರ ತಂದರೆ ಸಾಕು, ಹಗ್ಗ ತನ್ನ ಮೇಲೇ ತಾನು ಸುತ್ತಿಕೊಂಡು ಜಡೆ ಥರ ಮುದುರುತ್ತೆ. ಹಳೇ ಲ್ಯಾಂಡ್‌ಲೈನ್ ಫೋನಿನ ವೈರು ನೆನಪಿದೆಯಲ್ಲ, ಅದು ಮಾಡ್ತಿದ್ದದ್ದೂ ಇದನ್ನೇ. ಸುರುಳಿಯಾಗಿರೋ ವಸ್ತುವೇ ಮತ್ತೆ ಸುರುಳಿ ಸುತ್ತೋದು. ಇದಕ್ಕೆ ಸೂಪರ್‌ಕಾಯಿಲ್ ಅಂತ ಹೆಸರು. ಹುರಿಯ ವಿರುದ್ಧ ದಿಕ್ಕಿಗೆ ತಿರುಗಿಸಿದರೂ ಮುದುರುತ್ತೆ, ಆದರೆ ಆಗ ಎಳೆಗಳು ಸಡಿಲವಾಗಿ ಬೇರೆಯಾಗೋಕೆ ತಯಾರಿರುತ್ತವೆ. ಈ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ.

ಎರಡನೇ ಪ್ರಯೋಗ. ಎರಡೂ ತುದಿ ಗಟ್ಟಿಯಾಗಿ ಕಟ್ಟಿ, ನಡುವೆ ಎರಡು ಎಳೆಗಳ ಮಧ್ಯೆ ಒಂದು ಪೆನ್ಸಿಲ್ ತೂರಿಸಿ, ಒಂದು ಕಡೆಗೆ ತಳ್ಳಿ. ಪೆನ್ಸಿಲಿನ ಮುಂದೆ ಹುರಿ ಒತ್ತೊತ್ತಾಗಿ ಕೂಡಿಕೊಳ್ಳುತ್ತೆ. ಇನ್ನು ಮುಂದೆ ಹೋಗಲ್ಲ ಅನ್ನೋ ಹಂತ ಬರುತ್ತೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಎರಡು ಎಳೆಗಳ ಸುರುಳಿ ಅಂತ ಪ್ರಕಟಿಸಿದಾಗ ಈ ಪೆನ್ಸಿಲ್ ಸಮಸ್ಯೆ ಅವರಿಗೇ ಹೊಳೆದಿತ್ತು. ಎಳೆಗಳನ್ನ ಬೇರೆ ಮಾಡಿ ನಕಲು ತೆಗೀಬೇಕು ಅಂದರೆ ಬಿಚ್ಚಬೇಕು. ಬಿಚ್ಚಬೇಕು ಅಂದರೆ ಸುತ್ತಬೇಕು. ಅದೇ ವರ್ಷದ ಎರಡನೇ ಲೇಖನದಲ್ಲಿ ಅವರು ಇದು ತೊಡಕು, ಆದರೆ ದಾಟಲಾಗದ್ದಲ್ಲ ಅನ್ನೋ ಧಾಟಿಯಲ್ಲಿ ಮುಂದಕ್ಕೆ ಹೋದರು. ಮ್ಯಾಕ್ಸ್ ಡೆಲ್‌ಬ್ರುಕ್‌ಗೆ ಇದು ಅಷ್ಟು ಸುಲಭವಾಗಿ ಜೀರ್ಣ ಆಗಲಿಲ್ಲ. ಬಿಚ್ಚೋದು ಕಷ್ಟ, ಎಳೆ ಕತ್ತರಿಸಿ ಮತ್ತೆ ಅಂಟಿಸೋ ಏರ್ಪಾಡು ಏನಾದರೂ ಇರಬೇಕು ಅಂತ 1954ರಲ್ಲೇ ಬರೆದರು.

ಲೆಕ್ಕ ಹಾಕಿದರೆ ಅವರ ಗಾಬರಿ ಅರ್ಥ ಆಗುತ್ತೆ. ನಮ್ಮ ಕರುಳಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಸುಮಾರು 46 ಲಕ್ಷ ಬೇಸ್ ಜೋಡಿಗಳ ಒಂದು ಬಳೆ. ಹತ್ತೂವರೆ ಜೋಡಿಗೆ ಒಂದು ಸುತ್ತು ಅಂದರೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಸುತ್ತು. ನಕಲು ಮಾಡೋ ಯಂತ್ರ ಸೆಕೆಂಡಿಗೆ ಸುಮಾರು 1000 ಜೋಡಿ ದಾಟುತ್ತೆ. ಅಂದರೆ ಮುಂದಿರೋ ಹಗ್ಗ ನಿಮಿಷಕ್ಕೆ 5700 ಸುತ್ತು ತಿರುಗಬೇಕು. ನಿಮ್ಮ ತಲೆ ಮೇಲಿರೋ ಸೀಲಿಂಗ್ ಫ್ಯಾನು ಫುಲ್ ಸ್ಪೀಡಲ್ಲಿ ಮುನ್ನೂರೈವತ್ತರ ಆಸುಪಾಸು. ಇದೆಲ್ಲ ನಡೀಬೇಕಾದ್ದು ಎಷ್ಟು ಜಾಗದಲ್ಲಿ? ಬಿಚ್ಚಿ ಚಾಚಿದರೆ ಒಂದೂವರೆ ಮಿಲಿಮೀಟರ್ ಉದ್ದ ಬರೋ ಈ ದಾರ, ಅದರ ಸುಮಾರು ಸಾವಿರದಲ್ಲೊಂದು ಪಾಲು ಉದ್ದದ ಕೋಶದೊಳಗೆ ಇದೆ. ಬಳೆ ಆಗಿರೋದರಿಂದ ಹುರಿ ಹೊರಗೆ ಜಾರಿ ಹೋಗೋಕೆ ತುದಿಯೂ ಇಲ್ಲ.

ಈಗ ಬೆಂಗಳೂರಿಗೆ ಬರೋಣ. 1971ರಲ್ಲಿ ಜಿ.ಎನ್. ರಾಮಚಂದ್ರನ್ ಮದ್ರಾಸ್ ಬಿಟ್ಟು ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಶುರು ಮಾಡಿದರು. ಅವರ ಜೊತೆಗಿದ್ದವರು ವಿ. ಶಶಿಶೇಖರನ್. ಪ್ರೋಟೀನ್ ಓದಿದವರಿಗೆ ಗೊತ್ತಿರೋ ರಾಮಚಂದ್ರನ್ ಪ್ಲಾಟ್ ಇದೆಯಲ್ಲ, 1963ರ ಆ ಲೇಖನದ ಮೂವರು ಲೇಖಕರಲ್ಲಿ ಒಬ್ಬರು.

ಆ ಪ್ಲಾಟಿನ ಹಿಂದೆಯೂ ಒಂದು ಪೆಟ್ಟಿದೆ. ರಾಮಚಂದ್ರನ್ ಮತ್ತು ಕಾರ್ತಾ ಕೊಲಾಜೆನ್‌ಗೆ ಮೂರೆಳೆಯ ರಚನೆ ಕೊಟ್ಟಾಗ, ಇದರಲ್ಲಿ ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ ಅಂತ ಟೀಕೆ ಮಾಡಿದವರು ಅಲೆಕ್ಸಾಂಡರ್ ರಿಚ್ ಮತ್ತು ಇದೇ ಫ್ರಾನ್ಸಿಸ್ ಕ್ರಿಕ್. ಹಾಗಾದರೆ ಎಷ್ಟು ಹತ್ತಿರ ಬರಬಹುದು, ಯಾವ ಕೋನ ಸಾಧ್ಯ, ಯಾವುದು ಅಸಾಧ್ಯ ಅಂತ ಮದ್ರಾಸಿನವರು ಕೂತು ಲೆಕ್ಕ ಹಾಕಿದರು. ಆ ಲೆಕ್ಕವೇ ಪ್ಲಾಟ್ ಆಯಿತು. ಟೀಕೆ ತಿಂದು ಸುಮ್ಮನೆ ಕೂರದೆ, ಟೀಕೆಯನ್ನೇ ಅಳತೆಗೋಲು ಮಾಡ್ಕೊಂಡ ಗುಂಪು ಅದು.

ಅದೇ ಗುಂಪಿನವರು ಅದೇ ಅಳತೆಗೋಲನ್ನ ಡಿಎನ್‌ಎ ಮೇಲೂ ಇಟ್ಟು ನೋಡಿದರು. ಯಾವ ಬಾಗು ಸಾಧ್ಯ, ಯಾವುದು ಅಲ್ಲ? ಲೆಕ್ಕದಲ್ಲಿ ಒಂದು ವಿಚಿತ್ರ ಸಿಕ್ಕಿತು. ಬಲಕ್ಕೆ ತಿರುಗೋ ಸುರುಳಿ ಹೇಗೆ ಸಾಧ್ಯವೋ ಹಾಗೆ ಎಡಕ್ಕೆ ತಿರುಗೋದೂ ಸಾಧ್ಯ. ಹಾಗಾದರೆ ಎರಡನ್ನೂ ಬೆರೆಸಿದರೆ? ಸುಮಾರು ಐದು ಜೋಡಿ ಬಲಕ್ಕೆ, ಮುಂದಿನ ಐದು ಜೋಡಿ ಎಡಕ್ಕೆ, ಮತ್ತೆ ಬಲಕ್ಕೆ. ಆಗ ಎರಡು ಎಳೆಗಳು ಒಂದನ್ನೊಂದು ಸುತ್ತೋದೇ ಇಲ್ಲ. ಜಿಪ್ಪಿನ ಎರಡು ಪಟ್ಟಿಗಳ ಹಾಗೆ ಅಕ್ಕಪಕ್ಕ ಅಲೆಯುತ್ತಾ ಸಾಗುತ್ತವೆ. ಬಿಚ್ಚೋಕೆ ಸುತ್ತಬೇಕಾಗಿಲ್ಲ, ಎಳೆದರೆ ಸಾಕು. ನಾಲ್ಕು ಲಕ್ಷ ಸುತ್ತಿನ ತಲೆನೋವು ಒಂದೇ ಏಟಿಗೆ ಮಾಯ.

1976ರಲ್ಲಿ ಶಶಿಶೇಖರನ್ ಮತ್ತು ಪಟ್ಟಾಭಿರಾಮನ್ ಇದನ್ನ ನಮ್ಮ ಬೆಂಗಳೂರಿಂದಲೇ ಹೊರಡೋ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಮತ್ತು ಸಂಗಡಿಗರು ತಮ್ಮಷ್ಟಕ್ಕೆ ತಾವೇ ಇಂಥದ್ದೇ ಅಕ್ಕಪಕ್ಕದ ಮಾದರಿ ಮುಂದಿಟ್ಟರು. ನೋಡಿ, ಎರಡು ಕಡೆಯವರೂ ಕೇಂಬ್ರಿಜ್‌ನಿಂದ ಸಾವಿರಾರು ಮೈಲಿ ದೂರ. ಡಬಲ್ ಹೆಲಿಕ್ಸ್ ಆಗ ಬರೀ ಸಿದ್ಧಾಂತ ಆಗಿರಲಿಲ್ಲ, ನೊಬೆಲ್ ಪಡೆದ ಚಿಹ್ನೆ ಆಗಿತ್ತು. ಅದನ್ನ ಪ್ರಶ್ನೆ ಮಾಡೋಕೆ ಆ ದೂರವೂ ಸಹಾಯ ಮಾಡಿರಬಹುದು ಅಂತ ನನಗನ್ನಿಸುತ್ತೆ.

ಇದು ಹುಚ್ಚು ಪ್ರಶ್ನೆ ಅಲ್ಲವೇ ಅಲ್ಲ. 1976ರ ಹೊತ್ತಿಗೆ ಡಿಎನ್‌ಎ ಸುರುಳಿಗೆ ಇದ್ದ ಮುಖ್ಯ ಸಾಕ್ಷ್ಯ ನಾರಿನ ಮೇಲೆ ಎಕ್ಸ್‌ರೇ ಬಿಟ್ಟು ತೆಗೆದ ಚಿತ್ರಗಳು. ನಾರಿನಲ್ಲಿ ಕೋಟ್ಯಂತರ ಅಣುಗಳು ಬೇರೆ ಬೇರೆ ರೀತಿ ತಿರುಗಿ ಕೂತಿರುತ್ತವೆ, ಚಿತ್ರದಲ್ಲಿ ಸಿಗೋದು ಸರಾಸರಿ. ಪರಮಾಣು ಪರಮಾಣು ಎಣಿಸಬಲ್ಲ ಹರಳಿನ ಚಿತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ ಎಳೆಗಳು ನಿಜಕ್ಕೂ ಸುತ್ತಿಕೊಂಡಿವೆಯಾ, ಯಾರಾದರೂ ಎಣಿಸಿದ್ದೀರಾ ಅಂತ ಕೇಳಿದರೆ, ಪ್ರಾಮಾಣಿಕ ಉತ್ತರ ಇದ್ದದ್ದು ಒಂದೇ: ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್‌ನಲ್ಲಿ ಇಪ್ಪತ್ತಮೂರು ವರ್ಷ ಓಡ್ತಿದ್ದ ಕೋಡಿಗೆ ಒಂದು ಟೆಸ್ಟ್ ಕೇಸ್ ಬರೆದಿರಲಿಲ್ಲ.

ಆ ಟೆಸ್ಟ್ ಬಂದದ್ದು ಸೂಪರ್‌ಕಾಯಿಲ್ ಕಡೆಯಿಂದ.

ಸ್ವಲ್ಪ ಹಿಂದೆ ಹೋಗಬೇಕು. 1965ರಲ್ಲಿ ಕ್ಯಾಲ್‌ಟೆಕ್‌ನ ಜೆರೋಮ್ ವಿನೋಗ್ರಾಡ್ ಮತ್ತು ಸಂಗಡಿಗರು ಪಾಲಿಯೋಮಾ ಅನ್ನೋ ವೈರಸ್ಸಿನ ಬಳೆಯಾಕಾರದ ಡಿಎನ್‌ಎಯನ್ನ ಗಿರಗಿರನೆ ತಿರುಗಿಸಿ ನೋಡ್ತಿದ್ದರು. ತೂಕ ಒಂದೇ ಇದ್ದರೂ ಕೆಲವು ಬೇಗ ತಳಕ್ಕಿಳೀತಿದ್ದವು, ಕೆಲವು ನಿಧಾನ. ಬೇಗ ಇಳಿಯೋದರಲ್ಲಿ ಒಂದೇ ಒಂದು ಎಳೆಗೆ ಒಂದೇ ಒಂದು ಕಡೆ ಗಾಯ ಮಾಡಿದರೆ ಸಾಕು, ನಿಧಾನದ್ದಾಗಿ ಬದಲಾಗ್ತಿತ್ತು. ಒಂದು ಸಣ್ಣ ಕಡಿತಕ್ಕೆ ಇಡೀ ಬಳೆ ಯಾಕೆ ಊದಿಕೊಳ್ಳಬೇಕು? ಯಾಕಂದ್ರೆ ಅದು ಹುರಿಯ ಒತ್ತಡದಲ್ಲಿ ಜಡೆಯಾಗಿ ಮುದುರಿ ಕೂತಿತ್ತು, ಗಾಯದ ಜಾಗದಲ್ಲಿ ಎಳೆ ಗಿರಕಿ ಹೊಡೆದು ಒತ್ತಡ ಇಳಿಸಿತು. ಸೂಪರ್‌ಕಾಯಿಲ್ ಮೊದಲು ಸಿಕ್ಕಿದ್ದು ಹೀಗೆ.

ಗಣಿತದವರ ಹತ್ತಿರ ಇದಕ್ಕೆ ಬೇಕಾದ ಸಾಮಾನು ಆಗಲೇ ತಯಾರಾಗ್ತಿತ್ತು. ರುಮೇನಿಯಾದ ಕಲುಗರೇನು, ಆಮೇಲೆ ಜೇಮ್ಸ್ ವೈಟ್, ಬ್ರಾಕ್ ಫುಲ್ಲರ್. ಸಾರಾಂಶ ಇಷ್ಟು: ಮುಚ್ಚಿದ ಬಳೆಯಲ್ಲಿ ಒಂದೆಳೆ ಇನ್ನೊಂದನ್ನ ಎಷ್ಟು ಸಲ ಸುತ್ತಿದೆ ಅನ್ನೋ ಕೊಂಡಿ ಸಂಖ್ಯೆ ಯಾವಾಗಲೂ ಪೂರ್ಣಾಂಕ, ಕತ್ತರಿಸದೆ ಬದಲಾಗೋದಿಲ್ಲ. ಆ ಸಂಖ್ಯೆ ಎರಡು ಕಡೆ ಹಂಚಿಹೋಗಬಹುದು, ಎಳೆಗಳ ಹುರಿಯಲ್ಲಿ ಒಂದಿಷ್ಟು, ಇಡೀ ಹಗ್ಗದ ಮುದುರಿನಲ್ಲಿ ಒಂದಿಷ್ಟು. ಒಂದು ಕಡೆ ಕಮ್ಮಿಯಾದರೆ ಇನ್ನೊಂದು ಕಡೆ ಜಾಸ್ತಿಯಾಗಲೇಬೇಕು. ಸಂಬಳ ಅಷ್ಟೇ, ಬಾಡಿಗೆಗೆ ಎಷ್ಟು ಇಎಂಐಗೆ ಎಷ್ಟು ಅನ್ನೋದಷ್ಟೇ ಬದಲಾಗೋದು.

1975ರಲ್ಲಿ ವಾಲ್ಟರ್ ಕೆಲ್ಲರ್ ಈ ಬಳೆಗಳನ್ನ ಜೆಲ್‌ನಲ್ಲಿ ಓಡಿಸಿದಾಗ ಒಂದು ಏಣಿ ಕಾಣಿಸಿತು. ಹೆಚ್ಚು ಮುದುರಿದ್ದು ಮುಂದೆ, ಕಮ್ಮಿ ಮುದುರಿದ್ದು ಹಿಂದೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಕೊಂಡಿ ಸಂಖ್ಯೆಯಲ್ಲಿ ಸರಿಯಾಗಿ ಒಂದರ ವ್ಯತ್ಯಾಸ. ಅಂದರೆ ಕಣ್ಣಿಗೆ ಕಾಣದ ಸುತ್ತನ್ನ ಬೆರಳಿಟ್ಟು ಎಣಿಸಬಹುದು!

ಇಲ್ಲಿಂದ ಮುಂದಿನ ಹೆಜ್ಜೆ ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟ. ಏಣಿ ನೋಡಿ ವ್ಯತ್ಯಾಸ ಎಣಿಸಬಹುದು, ಆದರೆ ಒಟ್ಟು ಸುತ್ತು ಐನೂರೋ ಸೊನ್ನೆಯೋ ಗೊತ್ತಾಗೋದಿಲ್ಲ. ಡಬಲ್ ಹೆಲಿಕ್ಸ್ ಸರಿಯಾದರೆ 5000 ಜೋಡಿಯ ಬಳೆಯಲ್ಲಿ ಸುಮಾರು 480 ಸುತ್ತು ಇರಬೇಕು, ಬೆಂಗಳೂರಿನ ಮಾದರಿ ಸರಿಯಾದರೆ ಹತ್ತಿರ ಹತ್ತಿರ ಸೊನ್ನೆ. ಹೇಗೆ ತಿಳಿಯೋದು? ಹಾರ್ವರ್ಡಿನ ಜೇಮ್ಸ್ ವಾಂಗ್ ಹಿಡಿದ ದಾರಿ ಇದು: ಬಳೆಗೆ ಗೊತ್ತಿರೋ ಅಷ್ಟು ಬೇಸ್ ಜೋಡಿ ಸೇರಿಸು, ಏಣಿ ಎಷ್ಟು ಸರಿಯುತ್ತೆ ನೋಡು. ಎಳೆಗಳು ಹತ್ತೂವರೆ ಜೋಡಿಗೊಮ್ಮೆ ಸುತ್ತೋದು ನಿಜವಾದರೆ, ಐದು ಜೋಡಿ ಸೇರಿಸಿದಾಗ ಏಣಿ ಅರ್ಧ ಮೆಟ್ಟಿಲು ಸರಿದು ಕೂರಬೇಕು. ಇಪ್ಪತ್ತೊಂದು ಸೇರಿಸಿದರೆ ಪೂರ್ತಿ ಎರಡು ಸುತ್ತು, ಹಾಗಾಗಿ ಮೆಟ್ಟಿಲಿಗೆ ಮೆಟ್ಟಿಲು ಹೊಂದಬೇಕು. ಎಳೆಗಳು ಸುತ್ತೋದೇ ಇಲ್ಲ ಅಂದರೆ, ಎಷ್ಟು ಸೇರಿಸಿದರೂ ಈ ಆಟ ನಡೆಯಬಾರದು.

ಆಟ ನಡೆಯಿತು. 1979ರಲ್ಲಿ ವಾಂಗ್ ಕೊಟ್ಟ ಉತ್ತರ, ದ್ರಾವಣದಲ್ಲಿರೋ ಡಿಎನ್‌ಎ ಸುಮಾರು 10.4 ಜೋಡಿಗೊಮ್ಮೆ ಸುತ್ತುತ್ತೆ. ಅದೇ ವರ್ಷ ಕ್ರಿಕ್, ವಾಂಗ್, ವಿಲಿಯಂ ಬಾವರ್ ಮೂವರೂ ಸೇರಿ ಒಂದು ಲೇಖನ ಬರೆದರು. ಅದರ ಶೀರ್ಷಿಕೆಯೇ ಒಂದು ಪ್ರಶ್ನೆ, ಡಿಎನ್‌ಎ ನಿಜಕ್ಕೂ ಡಬಲ್ ಹೆಲಿಕ್ಸಾ ಅಂತ. ಬೆಂಗಳೂರು ಮತ್ತು ನ್ಯೂಜಿಲೆಂಡಿನ ಮಾದರಿಗಳನ್ನ ಎದುರಿಗಿಟ್ಟು, ಟೋಪಾಲಜಿಯ ಸಾಕ್ಷ್ಯ ಒಂದೊಂದಾಗಿ ಹೇಳಿ, ಸುತ್ತು ನಿಜ ಅಂತ ಮುಗಿಸಿದರು. ನೊಬೆಲ್ ಬಂದು ಹದಿನೇಳು ವರ್ಷ ಆದಮೇಲೆ ಸ್ವತಃ ಕ್ರಿಕ್ ಕೂತು ತನ್ನದೇ ಆವಿಷ್ಕಾರಕ್ಕೆ ಪುರಾವೆ ಕೊಡಬೇಕಾಯಿತು. ಕೊಡುವಂತೆ ಮಾಡಿದವರಲ್ಲಿ ಐಐಎಸ್‌ಸಿಯವರೂ ಇದ್ದರು. ಮುಂದಿನ ವರ್ಷವೇ ಹರಳಿನ ಚಿತ್ರ ಬಂತು, ಅನುಮಾನ ಉಳಿಯಲಿಲ್ಲ. ಎಡಕ್ಕೆ ತಿರುಗೋ ಡಿಎನ್‌ಎ ಸಾಧ್ಯ ಅನ್ನೋ ಬೆಂಗಳೂರಿನ ಇನ್ನೊಂದು ಮಾತು ಮಾತ್ರ ಸುಳ್ಳಾಗಲಿಲ್ಲ. 1979ರಲ್ಲೇ ಅಲೆಕ್ಸಾಂಡರ್ ರಿಚ್ ಗುಂಪಿನವರ ಹರಳಿನಲ್ಲಿ ಜಡ್-ಡಿಎನ್‌ಎ ಅನ್ನೋ ಎಡಸುರುಳಿ ಕಂಡಿತು.

ಸರಿ, ಸುತ್ತು ನಿಜ. ಹಾಗಾದರೆ ಪೆನ್ಸಿಲ್ ಸಮಸ್ಯೆಯೂ ನಿಜ. ಅದನ್ನ ಕೋಶ ಹೇಗೆ ನಿಭಾಯಿಸುತ್ತೆ?

ಡೆಲ್‌ಬ್ರುಕ್ ಊಹಿಸಿದ ಕತ್ತರಿ-ಅಂಟು ಏರ್ಪಾಡು ನಿಜವಾಗಿಯೂ ಇತ್ತು. 1971ರಲ್ಲಿ ಇದೇ ವಾಂಗ್ ಇ. ಕೋಲೈಯಲ್ಲಿ ಮೊದಲ ಟೋಪೋಐಸೋಮರೇಸ್ ಕಂಡುಹಿಡಿದಿದ್ದರು. ಅದು ಒಂದೆಳೆ ಕತ್ತರಿಸಿ, ಹುರಿ ಇಳಿಸಿ, ಮತ್ತೆ ಅಂಟಿಸೋ ಕಿಣ್ವ. 1976ರಲ್ಲಿ ಅಮೆರಿಕದ ಎನ್‌ಐಎಚ್‌ನಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರಿಗೆ ಇನ್ನೂ ವಿಚಿತ್ರವಾದದ್ದು ಸಿಕ್ಕಿತು. ಅದರ ಹೆಸರು ಗೈರೇಸ್. ಇದು ಎರಡೂ ಎಳೆ ಕತ್ತರಿಸಿ, ಆ ಬಾಗಿಲಿಂದ ಹಗ್ಗದ ಇನ್ನೊಂದು ಭಾಗವನ್ನ ದಾಟಿಸಿ, ಬಾಗಿಲು ಮುಚ್ಚುತ್ತೆ. ಎಟಿಪಿ ಖರ್ಚು ಮಾಡಿ ಬೇಕಂತಲೇ ಹುರಿ ಕಮ್ಮಿ ಮಾಡುತ್ತೆ. ಇ. ಕೋಲೈಯಲ್ಲಿ ನೂರು ಸುತ್ತಿಗೆ ಸುಮಾರು ಆರು ಸುತ್ತು ಕಮ್ಮಿ ಇಟ್ಟಿರುತ್ತೆ. ಮೊದಲನೇ ಪ್ರಯೋಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಎಳೆಗಳು ಬಿಚ್ಚಿಕೊಳ್ಳೋಕೆ ತಯಾರಿರುತ್ತವೆ ಅಂದೆನಲ್ಲ, ಅದು ಇದಕ್ಕೇ. ಹುರಿ ಕಮ್ಮಿ ಇರೋ ಡಿಎನ್‌ಎಯನ್ನ ಓದೋದು ಸುಲಭ, ನಕಲು ಶುರು ಮಾಡೋದು ಸುಲಭ.

1976-77ರಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ನೊವೊಬಯೋಸಿನ್ ಮತ್ತು ನಾಲಿಡಿಕ್ಸಿಕ್ ಆಸಿಡ್ ಅನ್ನೋ ಎರಡು ಔಷಧಿಗಳು ಕೊಲ್ಲೋದು ಈ ಗೈರೇಸನ್ನ ಹಿಡಿದೇ. ನಾಲಿಡಿಕ್ಸಿಕ್ ಆಸಿಡ್ ಮಲೇರಿಯಾದ ಕ್ಲೋರೋಕ್ವಿನ್ ತಯಾರಿಯ ಉಪಉತ್ಪನ್ನದ ಬೆನ್ನು ಹತ್ತಿ 1962ರಲ್ಲಿ ಸಿಕ್ಕಿದ ಔಷಧಿ. ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆಯೇ ಹದಿನೈದು ವರ್ಷ ಕೊಟ್ಟಿದ್ದಾರೆ. ಅದರ ಮಕ್ಕಳು, ಮೊಮ್ಮಕ್ಕಳೇ ಔಷಧಿ ಅಂಗಡಿಯ ಕಪಾಟಿನ ಫ್ಲಾಕ್ಸಸಿನ್‌ಗಳು. ಗೈರೇಸ್ ಬಾಗಿಲು ತೆರೆದಿದ್ದಾಗ ಮಧ್ಯೆ ಕಾಲಿಟ್ಟು, ಮುಚ್ಚದ ಹಾಗೆ ಮಾಡುತ್ತವೆ. ಕ್ರೋಮೋಸೋಮ್ ಅಲ್ಲಲ್ಲಿ ತುಂಡಾಗಿ ಬ್ಯಾಕ್ಟೀರಿಯಾ ಸಾಯುತ್ತೆ. ನಮ್ಮ ಕ್ಯಾನ್ಸರ್ ಔಷಧಿಗಳಲ್ಲಿ ಕೆಲವು ಮನುಷ್ಯರ ಟೋಪೋಐಸೋಮರೇಸ್‌ಗೆ ಇದನ್ನೇ ಮಾಡೋದು. ಪಶ್ಚಿಮ ಘಟ್ಟದ ನಥಾಪೊಡೈಟಿಸ್ ಮರದ ತೊಗಟೆಯಲ್ಲಿ ಸಿಗೋ ಕ್ಯಾಂಪ್ಟೊಥೆಸಿನ್ ಅಂಥದ್ದು. ಅದರ ಕಥೆ ಇನ್ನೊಂದು ದಿನಕ್ಕಿರಲಿ.

ಈಗ ಕ್ರೋಮೋಸೋಮಿನ ಮಡಿಕೆಗೆ ಬರ್ತೀನಿ, ಯಾಕಂದ್ರೆ ಹುರಿಯ ದೊಡ್ಡ ಕೆಲಸ ಅಲ್ಲೇ ಇರೋದು. 1972ರಲ್ಲಿ ವೋರ್ಸೆಲ್ ಮತ್ತು ಬರ್ಗಿ ಇ. ಕೋಲೈ ಕೋಶವನ್ನ ಮೆಲ್ಲಗೆ ಒಡೆದು, ಮಡಚಿದ ಕ್ರೋಮೋಸೋಮನ್ನ ಹಾಗೇ ಹೊರತೆಗೆದರು. ವೈರಸ್ ಬಳೆಗೆ ಒಂದು ಗಾಯ ಸಾಕಿತ್ತು ಅಂದೆ. ಇಲ್ಲಿ ಒಂದು ಗಾಯಕ್ಕೆ ಸ್ವಲ್ಪ ಮಾತ್ರ ಸಡಿಲ ಆಯಿತು. ಪೂರ್ತಿ ಸಡಿಲ ಆಗೋಕೆ ಹತ್ತಾರು ಗಾಯ ಬೇಕಾಯಿತು. ಅಂದರೆ ಬಳೆ ಒಂದೇ ಆದರೂ ಒಳಗೆ ಹಲವು ಕೋಣೆಗಳಿವೆ, ಒಂದು ಕೋಣೆಯ ಹುರಿ ಇನ್ನೊಂದಕ್ಕೆ ಸೋರೋದಿಲ್ಲ. ಹಡಗಿನ ತಳದಲ್ಲಿ ಮಾಡೋ ಬಿಡಿ ಅಂಕಣಗಳ ಹಾಗೆ, ಒಂದು ಕಡೆ ತೂತಾದರೆ ಇಡೀ ಹಡಗು ಮುಳುಗೋದಿಲ್ಲ. 1981ರಲ್ಲಿ ಸಿಂಡೆನ್ ಮತ್ತು ಪೆಟ್ಟಿಜಾನ್ ಜೀವಂತ ಕೋಶದಲ್ಲಿ ಲೆಕ್ಕ ಹಾಕಿ ಸುಮಾರು 43 ಕೋಣೆ ಅಂದರು. 2004ರಲ್ಲಿ ಕೊಜರೆಲ್ಲಿ ಗುಂಪಿನವರು ಇನ್ನೂ ಸೂಕ್ಷ್ಮವಾಗಿ ನೋಡಿ, ಸರಾಸರಿ ಹತ್ತು ಸಾವಿರ ಜೋಡಿಗೊಂದು ಅಂದರು. ಹಾಗಾದರೆ ನಾನೂರರ ಮೇಲೆ. ಈ ಗೋಡೆಗಳು ಕಾಯಂ ಅಲ್ಲ, ಬರ್ತಾ ಹೋಗ್ತಾ ಇರ್ತವೆ.

ಗೋಡೆ ಕಟ್ಟೋದು ಯಾರು? 1987ರಲ್ಲಿ ಲಿಯು ಮತ್ತು ವಾಂಗ್ ಹೇಳಿದ ಮಾತು ಇಲ್ಲಿ ಕೀಲಿಕೈ. ಜೀನ್ ಓದೋ ಯಂತ್ರವಾದ ಆರ್‌ಎನ್‌ಎ ಪಾಲಿಮರೇಸ್ ನಿಮ್ಮ ಪೆನ್ಸಿಲ್ ಇದ್ದ ಹಾಗೆ. ಭಾರೀ ಗಾತ್ರ, ಹಿಂದೆ ಆರ್‌ಎನ್‌ಎ ಬಾಲ, ಬಾಲಕ್ಕೆ ಅಂಟಿಕೊಂಡ ರೈಬೋಸೋಮ್‌ಗಳು. ಅದು ಡಿಎನ್‌ಎ ಸುತ್ತ ಗಿರಕಿ ಹೊಡೆಯೋ ಸ್ಥಿತಿಯಲ್ಲಿಲ್ಲ, ಹಗ್ಗವೇ ತಿರುಗಬೇಕು. ಹಾಗಾಗಿ ಮುಂದೆ ಹುರಿ ಜಾಸ್ತಿ, ಹಿಂದೆ ಕಮ್ಮಿ. ಜೀನ್ ಓದೋ ಕೆಲಸವೇ ಕ್ರೋಮೋಸೋಮನ್ನ ತಿರುಚುತ್ತೆ, ಆ ತಿರುಚು ಪಕ್ಕದ ಜೀನನ್ನ ಓದೋದು ಸುಲಭವೋ ಕಷ್ಟವೋ ಅಂತ ತೀರ್ಮಾನ ಮಾಡುತ್ತೆ. ಪಕ್ಕದ ಮನೆಯ ಡ್ರಿಲ್ಲಿಂಗ್ ನಮ್ಮ ಮನೆಯ ಮೀಟಿಂಗ್ ಹಾಳು ಮಾಡೋ ಹಾಗೆ.

ಇದರ ಚಿತ್ರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಎಂಐಟಿಯ ಮೈಕೆಲ್ ಲಾಬ್, ಲಿಯೊನಿಡ್ ಮಿರ್ನಿ ಗುಂಪಿನವರು ಕಾಲೊಬ್ಯಾಕ್ಟರ್ ಅನ್ನೋ ನೀರಿನ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಯ ಯಾವ ಜಾಗ ಯಾವ ಜಾಗವನ್ನ ಮುಟ್ಟುತ್ತೆ ಅಂತ ಇಡೀ ನಕ್ಷೆ ತೆಗೆದರು. ಕ್ರೋಮೋಸೋಮಿನಲ್ಲಿ 23 ವಲಯಗಳು ಕಂಡವು. ವಲಯದೊಳಗೆ ಡಿಎನ್‌ಎ ಸಣ್ಣ ಸಣ್ಣ ಜಡೆಗಳಾಗಿ, ಬಾಟಲಿ ತೊಳೆಯೋ ಬ್ರಷ್ಷಿನ ಕೂದಲ ಹಾಗೆ ಚಾಚಿಕೊಂಡಿದೆ ಅನ್ನೋ ಮಾದರಿ ನಕ್ಷೆಗೆ ಚೆನ್ನಾಗಿ ಹೊಂದಿತು. ವಲಯಗಳ ಗಡಿ ಎಲ್ಲೆಲ್ಲಿ ಅಂದರೆ, ಬಹುತೇಕ ಬಿಡುವಿಲ್ಲದೆ ಓದಿಸಿಕೊಳ್ಳೋ ಜೀನ್‌ಗಳಿರೋ ಕಡೆ. ಅಂಥ ಒಂದು ಜೀನನ್ನ ಕಿತ್ತು ಬೇರೆ ಕಡೆ ಇಟ್ಟರು, ಅಲ್ಲೊಂದು ಹೊಸ ಗಡಿ ಹುಟ್ಟಿತು. ನೊವೊಬಯೋಸಿನ್ ಹಾಕಿ ಗೈರೇಸ್ ತಡೆದಾಗ ವಲಯಗಳು ಮಸುಕಾದವು. ಹುರಿಯನ್ನ ಕೋಶ ಬರೀ ಸಹಿಸಿಕೊಂಡಿಲ್ಲ, ಅದರಿಂದಲೇ ಮನೆ ಕಟ್ಟಿಕೊಂಡಿದೆ.

ಮನುಷ್ಯರ ಕೋಶದ ಬಗ್ಗೆ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಸುಮಾರು ಎರಡು ಮೀಟರ್ ಡಿಎನ್‌ಎ ಮೊದಲು ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಳ್ಳುತ್ತೆ, ಒಂದೊಂದಕ್ಕೆ 147 ಜೋಡಿ, ಎಡಕ್ಕೆ ಒಂದೂಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಸುತ್ತು. ಅಂದರೆ ಹುರಿ ಉಂಡೆಯಲ್ಲೇ ಠೇವಣಿ ಆಗಿರುತ್ತೆ. ಆ ಉಂಡೆಗಳನ್ನ ವೀರ್ಯಾಣು ತಯಾರಾಗುವಾಗ ಹೇಗೆ ಕಿತ್ತು ಹಾಕ್ತಾರೆ ಅಂತ ದಶಕಗಟ್ಟಲೆ ಅಧ್ಯಯನ ಮಾಡಿದವರು ನಮ್ಮ ಮೈಸೂರಿನ ಎಂ.ಆರ್.ಎಸ್. ರಾವ್. ದೊಡ್ಡ ಲೂಪುಗಳ ವಿಷಯದಲ್ಲಿ ಕೊಹೆಸಿನ್ ಅನ್ನೋ ಪ್ರೋಟೀನ್ ಉಂಗುರದ್ದೇ ಮುಖ್ಯ ಪಾತ್ರ. 2017ರಲ್ಲಿ ಅದನ್ನ ತೆಗೆದು ನೋಡಿದಾಗ ಲೂಪುಗಳು ಕಾಣೆಯಾದವು. ಹುರಿಯೂ ಅಲ್ಲಿ ಕೈ ಹಾಕುತ್ತೆ ಅನ್ನೋರಿದ್ದಾರೆ, ಎಷ್ಟು ಅನ್ನೋ ಜಗಳ ನಡೀತಿದೆ. ಬ್ಯಾಕ್ಟೀರಿಯಾದಷ್ಟು ನೇರ ಉತ್ತರ ಇಲ್ಲ.

ಬ್ಯಾಕ್ಟೀರಿಯಾಕ್ಕೇ ವಾಪಸ್ ಬರೋಣ, ಮತ್ತೆ ಐಐಎಸ್‌ಸಿಗೂ. ವಳಕುಂಜ ನಾಗರಾಜ ಅವರ ಪ್ರಯೋಗಾಲಯ ಕ್ಷಯರೋಗದ ಬ್ಯಾಕ್ಟೀರಿಯಾ ಮತ್ತು ಅದರ ಬಂಧುಗಳ ಗೈರೇಸ್ ಹಾಗೂ ಟೋಪೋಐಸೋಮರೇಸನ್ನ ವರ್ಷಗಟ್ಟಲೆ ಹಿಡಿದು ಕೂತಿತ್ತು. ಕ್ಷಯದ ಬ್ಯಾಕ್ಟೀರಿಯಾ ಯಾಕೆ? ಒಂದು, ನಮ್ಮ ದೇಶದ ರೋಗ. ಇನ್ನೊಂದು, ಅದರ ಹತ್ತಿರ ಸಾಮಾನು ಕಮ್ಮಿ. ಇ. ಕೋಲೈಗೆ ನಾಲ್ಕು ಟೋಪೋಐಸೋಮರೇಸ್, ಇದಕ್ಕೆ ಒಂದು ಟೋಪೋಐಸೋಮರೇಸ್ ಒಂದು, ಒಂದು ಗೈರೇಸ್, ಅಷ್ಟೇ. ಬ್ಯಾಕಪ್ ಇಲ್ಲದ ಸಿಸ್ಟಂ. ಹುರಿ ಸಡಿಲವಾದರೆ ಗೈರೇಸ್ ಜೀನ್ ಹೆಚ್ಚು ಓದಿಸಿಕೊಳ್ಳುತ್ತೆ ಅನ್ನೋ ಥರ್ಮೋಸ್ಟಾಟನ್ನ ಇ. ಕೋಲೈಯಲ್ಲಿ 1983ರಲ್ಲಿ ಮೆಂಜೆಲ್ ಮತ್ತು ಗೆಲ್ಲರ್ಟ್ ತೋರಿಸಿದ್ದರು. ಮೈಕೋಬ್ಯಾಕ್ಟೀರಿಯಾದಲ್ಲೂ ಅಂಥದ್ದೇ ಇದೆ, ಆದರೆ ಒಳಗಿನ ವೈರಿಂಗ್ ಬೇರೆ ಅಂತ ನಾಗರಾಜ ಅವರ ಗುಂಪು ತೋರಿಸಿತು. 2017ರಲ್ಲಿ ಅವರು ಸ್ಟೀವರ್ಟ್ ಕೋಲ್ ಗುಂಪಿನ ಜೊತೆ ಸೇರಿ ಇಡೀ ಕ್ಷಯ ಕ್ರೋಮೋಸೋಮಿನ ಮೇಲೆ ಈ ಎರಡು ಕಿಣ್ವ ಎಲ್ಲೆಲ್ಲಿ ಕೂತಿವೆ ಅಂತ ನಕ್ಷೆ ಹಾಕಿದರು. ಓದೋ ಯಂತ್ರದ ಮುಂದೆ ಗೈರೇಸ್, ಹಿಂದೆ ಟೋಪೋಐಸೋಮರೇಸ್. ಜಾಸ್ತಿ ಓದೋ ಕಡೆ ಜಾಸ್ತಿ, ಸುಮ್ಮನಿರೋ ಕಡೆ ಕಮ್ಮಿ. ಲಿಯು ಮತ್ತು ವಾಂಗ್ ಹೇಳಿದ್ದ ಚಿತ್ರ, ಜೀವಂತ ಕೋಶದಲ್ಲಿ, ಕ್ರೋಮೋಸೋಮಿನ ಉದ್ದಕ್ಕೂ.

1976ರಲ್ಲಿ ಸುತ್ತೇ ಇಲ್ಲವೇನೋ ಅಂದ ಅದೇ ಕ್ಯಾಂಪಸ್ಸು ಇದು.

ಇನ್ನು ನಮ್ಮ ಊರು. 1960ರ ದಶಕದಲ್ಲಿ ಬಾಲಾನಗರದಲ್ಲಿ ಐಡಿಪಿಎಲ್ ಕಾರ್ಖಾನೆ ಬಂತು, ಅಲ್ಲಿ ಕೆಲಸ ಕಲಿತವರು ಹೊರಗೆ ಬಂದು ಸ್ವಂತ ಕಂಪನಿ ಮಾಡಿದರು. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ 2005ರ ತನಕ ಔಷಧಿಯ ಮೇಲೆ ಹಕ್ಕಿರಲಿಲ್ಲ, ತಯಾರಿಸೋ ವಿಧಾನದ ಮೇಲೆ ಮಾತ್ರ ಇತ್ತು. ಬೇರೆ ದಾರಿಯಲ್ಲಿ ಅದೇ ಅಣು ಮಾಡಿದರೆ ಆಗ ತಪ್ಪಿರಲಿಲ್ಲ. ಐಡಿಪಿಎಲ್‌ನಲ್ಲಿದ್ದ ಅಂಜಿ ರೆಡ್ಡಿ 1984ರಲ್ಲಿ ಶುರು ಮಾಡಿದ ಡಾ. ರೆಡ್ಡೀಸ್‌ಗೆ ದೇಶದಲ್ಲಿ ಹೆಸರು ತಂದ ಮೊದಲ ಬ್ರ್ಯಾಂಡ್ ನೊರಿಲೆಟ್, ಅಂದರೆ ನಾರ್‌ಫ್ಲಾಕ್ಸಸಿನ್. ಗೈರೇಸಿನ ಬಾಗಿಲಿಗೆ ಕಾಲಿಡೋ ಅದೇ ಕುಟುಂಬ. ಈ ಊರಲ್ಲಿ ಅಗ್ಗವಾಗಿ ತಯಾರಾದ ಇಂಥ ಮಾತ್ರೆಗಳಿಂದ ಎಷ್ಟೋ ಜೀವ ಉಳಿದಿವೆ. ಅದನ್ನ ಹೇಳದೆ ಮುಂದಿನದ್ದು ಹೇಳಿದರೆ ಅನ್ಯಾಯ.

ಮುಂದಿನದ್ದು ಇದು. 2007ರಲ್ಲಿ ಸ್ವೀಡನ್ನಿನ ಯೋಆಕಿಂ ಲಾರ್ಸನ್ ಮತ್ತು ಸಂಗಡಿಗರು ಪಟಾನ್‌ಚೆರುವಿನ ಒಂದು ತ್ಯಾಜ್ಯ ಸಂಸ್ಕರಣಾ ಘಟಕದ ನೀರನ್ನ ಪರೀಕ್ಷಿಸಿ ಪ್ರಕಟಿಸಿದರು. ಸುಮಾರು 90 ಬಲ್ಕ್ ಡ್ರಗ್ ಕಾರ್ಖಾನೆಗಳ ತ್ಯಾಜ್ಯ ಬರೋ ಘಟಕ. ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಸಿಪ್ರೋಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಂ ತನಕ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ. ದಿನಕ್ಕೆ ಸುಮಾರು 45 ಕಿಲೋ ಸಿಪ್ರೋ ಹಳ್ಳಕ್ಕೆ ಅಂತ ಅವರ ಅಂದಾಜು. ಆಮೇಲೆ ಕೆಳಗಿನ ನದಿಯ ಕೆಸರಿನಲ್ಲಿ ಪ್ರತಿರೋಧದ ಜೀನ್‌ಗಳು ರಾಶಿ ರಾಶಿ ಸಿಕ್ಕವು. ಔಷಧಿ ಕಾರ್ಖಾನೆಗಳ ನೀರಿನಲ್ಲಿ ಆಂಟಿಬಯೋಟಿಕ್ ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಒಂದು ಕರಡು ಹೊರಡಿಸಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಇರಲಿಲ್ಲ.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳೋ ದಾರಿಗಳಲ್ಲಿ ಒಂದು ತುಂಬಾ ಚಂದ ಇದೆ, ಚಂದ ಅನ್ನೋಕೆ ಬೇಜಾರಾದರೂ. ಮೈಕೋಬ್ಯಾಕ್ಟೀರಿಯಾದಲ್ಲಿ ಎಂಎಫ್‌ಪಿಎ ಅನ್ನೋ ಪ್ರೋಟೀನ್ ಇದೆ. 2005ರಲ್ಲಿ ಅದರ ಆಕಾರ ನೋಡಿದರೆ, ಗಾತ್ರ, ಹುರಿ, ಮೈಮೇಲಿನ ವಿದ್ಯುತ್ ಎಲ್ಲ ಡಿಎನ್‌ಎಯ ಹಾಗೇ. ಡಿಎನ್‌ಎ ವೇಷ ಹಾಕಿಕೊಂಡು ಗೈರೇಸಿನೊಳಗೆ ಕೂತುಬಿಡುತ್ತೆ, ಔಷಧಿಗೆ ಹಿಡಿಯೋಕೆ ಕತ್ತರಿಸಿದ ಡಿಎನ್‌ಎಯೇ ಇರಲ್ಲ.

ಇನ್ನೊಂದು ದಾರಿ ಸರಳ. ಟೈಫಾಯಿಡ್ ಬ್ಯಾಕ್ಟೀರಿಯಾದ ಗೈರೇಸಿನಲ್ಲಿ 83ನೇ ಜಾಗದ ಅಮೈನೋ ಆಮ್ಲ ಸೆರಿನ್. ಅದು ಫಿನೈಲ್‌ಅಲನಿನ್ ಆದರೆ ಸಿಪ್ರೋಗೆ ಹಿಡಿತ ಸಿಗೋದಿಲ್ಲ, ಗೈರೇಸ್ ಮಾತ್ರ ಎಂದಿನಂತೆ ಹುರಿ ತಿರುಗಿಸ್ತಾ ಇರುತ್ತೆ. ಅದಕ್ಕೇ ನಿಮ್ಮ ಅಪ್ಪನಿಗೆ ತೊಂಬತ್ತರ ದಶಕದಲ್ಲಿ ಟೈಫಾಯಿಡ್‌ಗೆ ಸಿಪ್ರೋ ಬರೆದ ಡಾಕ್ಟರ ಚೀಟಿ ಹಳೇ ಫೈಲಿನಲ್ಲಿ ಸಿಕ್ಕರೆ, ಅದೇ ಕಾಯಿಲೆಗೆ ನಿಮ್ಮ ಮಗುವಿಗೆ ಇವತ್ತು ಬರೆಯೋ ಚೀಟಿಯ ಪಕ್ಕ ಇಟ್ಟು ನೋಡಿ. ಅಜಿಥ್ರೋಮೈಸಿನ್ ಇರುತ್ತೆ, ಇಲ್ಲವೇ ಸೆಫಿಕ್ಸಿಮ್ ಕುಟುಂಬದ್ದು ಯಾವುದೋ. ಫ್ಲಾಕ್ಸಸಿನ್ ಇರೋ ಸಾಧ್ಯತೆ ಕಮ್ಮಿ.